ದೋಣಿಯ ಸರದಿ ಬರೆದ ಉಸ್ಮಾನ

ರಾಯಬಾಗದ ಬಸ್ ಸ್ಟ್ಯಾಂಡಿಗೆ ಬಂದು ಹೋಗುವ ಮಂದಿಯಲ್ಲಿ ಉಸ್ಮಾನನ ಮುಖ ಬಲ್ಲವರಿಗಿಂತ ದನಿ ಬಲ್ಲವರೇ ಹೆಚ್ಚು. ಇಪ್ಪತ್ತಾರು ವರ್ಷ ಅವನು ಅಲ್ಲಿ ಕಂಟ್ರೋಲರ್ ಆಗಿದ್ದ. ಜಾಲರಿ ಕಿಟಕಿಯ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಚಿಂಚಲಿ, ಕುಡಚಿ, ಉಗಾರ ಮಾರ್ಗವಾಗಿ ಅಥಣಿಗೆ ಹೋಗುವ ಗಾಡಿ ಎಲ್ಲಿ ನಿಂತಿದೆ ಎಂದು ಕೂಗಿ ಹೇಳಿ, ಡ್ರೈವರನ ಹಾಳೆಗೆ ವೇಳೆ ಬರೆದು ಸಹಿ ಹಾಕಿ ಕಳಿಸುವುದು ಅವನ ಕೆಲಸ. ಯಾವ ಊರಿನ ದಾರಿ ಎಲ್ಲಿ ಕಿರಿದಾಗುತ್ತದೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಎಲ್ಲಿ ಸಾಲುಗಟ್ಟುತ್ತವೆ, ಹೊಳೆ ಏರಿದರೆ ಮೊದಲು ಮುಳುಗುವ ಸೇತುವೆ ಯಾವುದು, ಎಲ್ಲವೂ ಅವನ ತಲೆಯಲ್ಲೇ ಇತ್ತು. ಬಂದ ಗಾಡಿ ಸುಮ್ಮನೆ ನಿಲ್ಲಬಾರದು, ಹೊರಟ ಗಾಡಿ ಖಾಲಿ ಹೋಗಬಾರದು ಎನ್ನುತ್ತಿದ್ದ. ತನ್ನ ಸಂಬಂಧಿಕರು ಓಡಿ ಬರುತ್ತಿದ್ದರೂ ಗಾಡಿಯನ್ನು ಒಂದು ನಿಮಿಷ ತಡೆದವನಲ್ಲ. ಅದೊಂದು ಹೆಮ್ಮೆ ಅವನಿಗೆ.

ತಾಯಿತಂದೆ ಬೇಗ ಹೋಗಿದ್ದರು. ತಂಗಿ ಸಕೀನಾಬಿಯನ್ನು ಅವನೇ ಬೆಳೆಸಿ, ದಿಗ್ಗೇವಾಡಿ ಕಡೆಯ ಹುಣಸಿಮಡ್ಡಿ ಎಂಬ ತೋಟದ ವಸ್ತಿಗೆ ಕೊಟ್ಟಿದ್ದ. ಹೊಳೆಸಾಲಿನ ಕಬ್ಬಿನ ನಡುವೆ ಒಂದು ಸಣ್ಣ ದಿಬ್ಬ, ಅದರ ಮೇಲೆ ಆರು ಮನೆ. ಉಸ್ಮಾನನ ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೀಗಾಗಿ ತಂಗಿಯ ಮಗ ಇಸ್ರಾರನೇ ಅವನಿಗೆ ಮಗ, ಇಸ್ರಾರನ ಹೆಂಡತಿ ಹೀನಾಳೇ ಸೊಸೆ. ಇಸ್ರಾರ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಉಸ್ಮಾನ ನಿವೃತ್ತನಾಗಿ ಮೂರು ವರ್ಷಕ್ಕೆ, ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಕೃಷ್ಣೆ ಏರಿದಳು. ಎರಡು ಸಾವಿರದ ಐದರ ನೆರೆಯಲ್ಲೂ ಹುಣಸಿಮಡ್ಡಿಯ ಕಟ್ಟೆ ಮುಟ್ಟದೆ ನೀರು ಹಿಂದೆ ಸರಿದಿತ್ತು. ಆ ಧೈರ್ಯದ ಮೇಲೆ ವಸ್ತಿಯ ಇಪ್ಪತ್ತೇಳು ಮಂದಿ ಕದಲದೆ ಕೂತರು. ಮೂರನೆಯ ದಿನ ನೋಡಿದರೆ ಸುತ್ತ ನಾಲ್ಕೂ ಕಡೆ ನೀರು, ಹೊರಗೆ ಬರಲು ದಾರಿಯಿಲ್ಲ.

ತಂಗಿಯನ್ನು ಕರೆತರಲೆಂದು ಉಸ್ಮಾನ ಬುಧವಾರ ಮುಂಜಾನೆ ಸಿಕ್ಕ ಗಾಡಿ ಹತ್ತಿ ಹೊರಟ. ಡಾಂಬರು ರಸ್ತೆ ಒಂದು ಪ್ರೌಢಶಾಲೆಯವರೆಗೆ ಇತ್ತು. ಅದರಾಚೆ ಎರಡು ಫರ್ಲಾಂಗಿಗೆ ರಸ್ತೆ ನೀರಿನೊಳಗೆ ಇಳಿದುಹೋಗಿತ್ತು. ಅದಾದ ಮೇಲೆ ಕಬ್ಬಿನ ತುದಿ, ಕರೆಂಟ್ ಕಂಬದ ತಲೆ, ಬಿಟ್ಟರೆ ಏನೂ ಇಲ್ಲ.

ಶಾಲೆಯಲ್ಲಿ ಮುನ್ನೂರು ಮಂದಿ ಸಂತ್ರಸ್ತರಿದ್ದರು. ಅವರಿಗಾಗಿ ಮಠದವರು ಅನ್ನ ಸಾರು ತಂದಿದ್ದರು. ಸಕ್ಕರೆ ಕಾರ್ಖಾನೆಯವರ ಎರಡು ಟ್ರ್ಯಾಕ್ಟರು ಉಪ್ಪಿಟ್ಟು ಹೊತ್ತು ಬಂದಿದ್ದವು. ಪೇಟೆಯ ವ್ಯಾಪಾರಿಗಳದೂ ಒಂದು ಗಾಡಿ ಅನ್ನ. ಎಲ್ಲರೂ ರಸ್ತೆ ಮುಗಿದಲ್ಲೇ ಗಾಡಿ ನಿಲ್ಲಿಸಿ, ಅಲ್ಲೇ ಹಂಚಿ, ಫೋಟೋ ಹೊಡೆಸಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಹಿಂದೆ ಅನ್ನದ ರಾಶಿ ಹುಳಿವಾಸನೆ ಹೊಡೆಯುತ್ತಿತ್ತು. ಅತ್ತ ಅಲಖನೂರಿನ ಶಾಲೆಯಲ್ಲಿದ್ದವರಿಗೆ ಮುಂಜಾನೆಯಿಂದ ಒಂದು ತುತ್ತು ಹೋಗಿರಲಿಲ್ಲ. ಸೈನ್ಯದವರ ಎರಡು ದೋಣಿ ಬಂದಿದ್ದವು, ಆದರೆ ಎಲ್ಲಿಗೆ ಹೋಗಬೇಕೆಂದು ಅವರಿಗೆ ಹೇಳುವವರಿಲ್ಲ. ಪುಣೆಯ ಒಂದು ಸಂಸ್ಥೆಯವರು ಔಷಧ, ಡಾಕ್ಟರು ಸಮೇತ ಬಂದು ದೋಣಿಗಾಗಿ ಕಾಯುತ್ತ ನಿಂತಿದ್ದರು.

ಉಸ್ಮಾನನಿಗೆ ತಡೆಯಲಾಗಲಿಲ್ಲ. ವ್ಯಾಪಾರಿಗಳ ಗಾಡಿಯ ಮೇಲೆ ಮೈಕಿತ್ತು. ಅದನ್ನು ಇಸಿದುಕೊಂಡು ಬಸ್ ಸ್ಟ್ಯಾಂಡಿನ ದನಿಯಲ್ಲೇ ಕೂಗಿದ. "ಕಾರ್ಖಾನೆ ಟ್ರ್ಯಾಕ್ಟರನವರು ಇಳಸಬ್ಯಾಡ್ರಿ, ಹಂಗ ಹೊಳ್ಳಿ ಅಲಖನೂರಿಗೆ ಹೋಗ್ರಿ. ಮಠದವರು ಇಲ್ಲೇ ಇರ್ರಿ. ಪೇಟಿಯವರು ನಾಳಿಂದ ಬೇಯಿಸಿದ್ದ ತರಬ್ಯಾಡ್ರಿ, ಚೂಡಾ, ಬಿಸ್ಕೀಟ, ನೀರ ತರ್ರಿ."

ಒಂದು ಗಳಿಗೆ ಎಲ್ಲರೂ ಯಾರಪ್ಪ ಇವನು ಎಂದು ನೋಡಿದರು. ಆಮೇಲೆ ಟ್ರ್ಯಾಕ್ಟರಿನವನೊಬ್ಬ ಗುರುತು ಹಿಡಿದ. "ಏ, ಕಂಟ್ರೋಲರ್ ಸಾಹೇಬ್ರು!" ಎಂದು ನಕ್ಕು ಗಾಡಿ ತಿರುಗಿಸಿದ.

ಪುಣೆಯ ಸಂಸ್ಥೆಯ ಮುಂದಾಳು ಸ್ನೇಹಲ ಎಂಬ ಹೆಣ್ಣುಮಗಳು. ಹರಕುಮುರುಕು ಕನ್ನಡ. ಅವಳು ಬಂದು, "ಕಾಕಾ, ನೀವು ಇಲ್ಲೇ ಕೂಡ್ರಿ. ಏಳಬ್ಯಾಡ್ರಿ," ಎಂದು ಕುರ್ಚಿ ಹಾಕಿದಳು. ಆ ಶಿಬಿರಕ್ಕೆ ಅಧಿಕಾರಿಯೆಂದು ನೇಮಕವಾಗಿದ್ದ ವಿಶ್ವಾಸ ಇನ್ನೂ ಮೂವತ್ತು ದಾಟದವನು. ಎರಡು ದಿನದಿಂದ ನಿದ್ದೆಯಿಲ್ಲ. ಅವನೂ ತಲೆಯಾಡಿಸಿದ. ಅಂದಿನಿಂದ ಯಾವ ಗಾಡಿ ಎಲ್ಲಿಗೆ, ಯಾವ ದೋಣಿ ಯಾವ ವಸ್ತಿಗೆ ಎಂದು ಉಸ್ಮಾನ ಬರೆದದ್ದೇ ಬರೆದದ್ದು. ದೋಣಿಯ ಸರದಿಗೆ ಅವನೇ ಒಂದು ಕ್ರಮ ಹಾಕಿದ. ಮೊದಲು ಮನೆಯೊಳಗೆ ನೀರು ಹೊಕ್ಕಲ್ಲಿಗೆ, ಆಮೇಲೆ ಬಸುರಿ, ಬಾಣಂತಿ, ಹಾಸಿಗೆ ಹಿಡಿದವರು ಇದ್ದಲ್ಲಿಗೆ, ಉಳಿದದ್ದು ಆಮೇಲೆ. ಗುರುವಾರ ಒಂದೇ ದಿನ ನೂರಾ ಎಂಬತ್ತು ಮಂದಿಯನ್ನು ದೋಣಿಗಳು ದಡಕ್ಕೆ ತಂದವು. ಅನ್ನ ಕೆಡಲಿಲ್ಲ. ಸ್ನೇಹಲ ಆ ಸರದಿಯ ಹಾಳೆಯನ್ನು ದಿನಾ ಮುಂಜಾನೆ ಮೊಬೈಲಿನಲ್ಲಿ ತೆಗೆದು ಪುಣೆಗೆ ಕಳಿಸುತ್ತಿದ್ದಳು.

ಗುರುವಾರವೆಲ್ಲ ನೀರು ಹೊಕ್ಕ ಮನೆಗಳಿಗೇ ಹೋಗಿತ್ತು. ಶುಕ್ರವಾರದ ಹಾಳೆಯಲ್ಲಿ ಹುಣಸಿಮಡ್ಡಿಯದು ಎರಡನೆಯ ಸರದಿ. ಹೀನಾಗೆ ಎಂಟು ತಿಂಗಳು ತುಂಬಿತ್ತು. ಹಾಳೆ ಗೋಡೆಗೆ ಅಂಟಿಸಿ ಉಸ್ಮಾನ ಚಹಾ ಕುಡಿಯುತ್ತಿದ್ದಾಗ ಭೀಮಗೊಂಡ ಬಂದ. ಭೀಮಗೊಂಡ ಪಂಚಾಯತಿ ಮೆಂಬರು, ಆ ಭಾಗದ ಪುಢಾರಿ ಬಾಪುಸಾಹೇಬನ ಬಲಗೈ. ಹಾಳೆಯನ್ನು ಬೆರಳಿಟ್ಟು ಓದಿ, ಎಲ್ಲರಿಗೂ ಕೇಳುವಂತೆ ಅಂದ:

"ಹುಣಸಿಮಡ್ಡಿ ಎರಡನೇದ್ದ ಐತಿ. ನಿಮ್ಮ ತಂಗಿ ಮನಿ ಅಲ್ಲೇನ್ರಿ ಕಂಟ್ರೋಲರ್ ಸಾಹೇಬ್ರ?"

"ಹೌದ್ರಿ. ಅಲ್ಲಿ ಬಸುರಿ ಹೆಣ್ಮಗಳ ಅದಾಳ್ರಿ."

"ಇರಲಿ, ಇರಲಿ. ನಿಮ್ಮವರನ್ನ ನೀವ ನೋಡದ ಮತ್ಯಾರ ನೋಡತಾರ? ಮಂದಿ ಮಾತಾಡಾಕತ್ತಾರ, ಅದಕ್ಕ ಹೇಳಿದೆ." ಹೀಗಂದು ನಕ್ಕ. ಸುತ್ತ ನಿಂತಿದ್ದ ನಾಲ್ಕು ಮಂದಿಯೂ ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ 'ನಿಮ್ಮವರು' ಎಂಬ ಮಾತು ಉಸ್ಮಾನನಿಗೆ ತಂಗಿಯೊಬ್ಬಳ ಬಗ್ಗೆ ಹೇಳಿದಂತೆ ಕೇಳಲಿಲ್ಲ.

ಎದ್ದು ಹಾಳೆಯ ಹತ್ತಿರ ಹೋದ. ಹೀನಾಗೆ ಇನ್ನೂ ಮೂರು ವಾರ ಇದೆ ಎಂದು ಲೆಕ್ಕ ಹಾಕಿದ. ಮುಂಜಾನೆ ತಂಗಿ ಫೋನಿನಲ್ಲಿ ನೀರು ಕಟ್ಟೆಯ ಎರಡು ಮೆಟ್ಟಿಲು ಕೆಳಗಿದೆ ಎಂದಿದ್ದಳು. ಎರಡು ಸರದಿ ಹಿಂದೆ ಹೋದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ದೋಣಿ ಹೋಗಿಯೇ ಹೋಗುತ್ತದೆ. ಕೆಂಪು ಪೆನ್ನಿನಿಂದ ಹುಣಸಿಮಡ್ಡಿಯ ಹೆಸರು ಹೊಡೆದು ಹಾಕಿ, ನಾಲ್ಕನೆಯದರಲ್ಲಿ ಬರೆದ. ಮೇಲಕ್ಕೆ ಬಂದ ಎರಡು ವಸ್ತಿಗಳಲ್ಲಿ ಬಸುರಿಯರೂ ಇರಲಿಲ್ಲ, ರೋಗಿಗಳೂ ಇರಲಿಲ್ಲ. ಭೀಮಗೊಂಡ ಅದನ್ನು ನೋಡಿಕೊಂಡು ಹೊರಟುಹೋದ. ಅಷ್ಟರಲ್ಲಿ ಸ್ನೇಹಲ ಬಂದು ಎಂದಿನಂತೆ ಫೋಟೋ ತೆಗೆದುಕೊಂಡು ಹೋದಳು.

ಮೂರು ಸರದಿ ಮುಗಿದು ದೋಣಿ ದಡಕ್ಕೆ ಬಂದಾಗ ಹನ್ನೆರಡೂವರೆ. ಉಸ್ಮಾನ ಮೈಕಿನಲ್ಲಿ "ಹುಣಸಿಮಡ್ಡಿ" ಎಂದು ಕೂಗುವಷ್ಟರಲ್ಲಿ ಮೂರು ಜೀಪು ಬಂದು ನಿಂತವು. ಬಿಳಿ ಅಂಗಿಯ ಬಾಪುಸಾಹೇಬ ಇಳಿದ. ಜೊತೆಗೆ ಏಳು ಮಂದಿ, ಒಬ್ಬ ಕ್ಯಾಮೆರಾದವನು, ನೀರಿನ ಬಾಟಲಿಯ ಆರು ಪೆಟ್ಟಿಗೆ.

"ಒಂದ ಸುತ್ತ ಹಾಕಿ ಬರತೇವಿ. ಮಂದಿ ಪರಿಸ್ಥಿತಿ ಕಣ್ಣಾರೆ ನೋಡಬೇಕಲ್ಲ," ಅಂದ ಬಾಪುಸಾಹೇಬ.

ಉಸ್ಮಾನ ಅಡ್ಡ ನಿಂತ. "ಸಾಹೇಬ್ರ, ಒಂದ ಸರದಿ ಬಿಡ್ರಿ. ಅಲ್ಲಿ ಬಸುರಿ ಅದಾಳ್ರಿ."

"ಅರ್ಧ ತಾಸಪಾ. ಅರ್ಧ ತಾಸಿನಾಗ ಹಡಿತಾಳೇನ ಅಕಿ?"

ಎಲ್ಲರೂ ನಕ್ಕರು. ದೋಣಿಯ ಹವಾಲ್ದಾರ ವಿಶ್ವಾಸನ ಮುಖ ನೋಡಿದ. ವಿಶ್ವಾಸ ನೆಲ ನೋಡಿದ. ದೋಣಿ ಹೋಯಿತು.

ಎರಡು ಗಂಟೆಗೆ ಸಕೀನಾಬಿಯ ಫೋನು ಬಂತು. "ಭಾಯಿ, ಪೋರಿಗೆ ನೋವು ಎದ್ದೈತಿ. ನೀರು ಹೊರಗಿನ ಖೋಲಿಗೆ ಬಂದೈತಿ. ಸೀತವ್ವ ಆಯಿ ಹತ್ತರ ಕುಂತಾಳ. ದೋಣಿ ಎಲ್ಲಿ ಐತಿ?"

ಸೀತವ್ವ ನೆರೆಮನೆಯ ಗುರಪ್ಪನ ತಾಯಿ. ಎಪ್ಪತ್ತೈದು ದಾಟಿದವಳು. ಒಂದು ಕಾಲಕ್ಕೆ ಸುತ್ತಲಿನ ಹೆರಿಗೆಗಳಿಗೆಲ್ಲ ಹೋಗುತ್ತಿದ್ದವಳು. ಈಗ ಅವಳ ಕೈ ನಡುಗುತ್ತಿತ್ತು.

"ಬರತೈತಿ, ಸಕೀನಾ. ನಿಮ್ಮದ ಸರದಿ ಈಗ. ಹೊಂಟೈತಿ," ಅಂದ ಉಸ್ಮಾನ. ಆ ಫೋನು ಅಲ್ಲಿಗೇ ಸತ್ತಿತು, ಮತ್ತೆ ಹತ್ತಲಿಲ್ಲ.

ಅವನು ದಡಕ್ಕೆ ಓಡಿದ. ಇನ್ನೊಂದು ದೋಣಿ ಹೊಳೆಯ ಆಚೆಯ ಊರಿಗೆ ಹೋಗಿತ್ತು, ಅದರ ವೈರ್‌ಲೆಸ್ ಸಿಗಲಿಲ್ಲ. ಮೀನುಗಾರರ ತೆಪ್ಪದವನ ಕೈಕಾಲು ಹಿಡಿದ. "ಈ ಸೆಳವಿನಾಗ ತೆಪ್ಪ ನಿಲ್ಲೂದಿಲ್ರಿ, ನನಗೂ ಹೆಣ್ತಿ ಮಕ್ಕಳ ಅದಾರ," ಅಂದ ಅವನು. ಡಾಕ್ಟರು ಚೀಲ ಹೆಗಲಿಗೆ ಹಾಕಿಕೊಂಡು ತಯಾರಾಗಿ ನಿಂತರು. ಅರ್ಧ ತಾಸಿನ ಸುತ್ತು ಎರಡು ತಾಸಾಯಿತು. ಒಂದು ಮಾಳಿಗೆಯ ಮೇಲಿದ್ದವರಿಗೆ ಬಾಟಲಿ ಕೊಡುವುದನ್ನು ಕ್ಯಾಮೆರಾದವನು ಮೂರು ಸಲ ಮಾಡಿಸಿ ಚಿತ್ರ ತೆಗೆದನಂತೆ. ಹೊರಳಿ ಬರುವಾಗ ದೋಣಿಯ ಇಂಜಿನ್ನಿನ ರೆಕ್ಕೆಗೆ ಕಬ್ಬಿನ ರವದಿ ಸುತ್ತಿಕೊಂಡು ಅದು ನಿಂತಿತು. ಹಗ್ಗ ಹಾಕಿ ಎಳೆದು ತಂದಾಗ ನಾಲ್ಕೂವರೆ. ಒಣಗಿದ ಎಲೆಯನ್ನೆಲ್ಲ ಕಿತ್ತು ರಿಪೇರಿ ಮಾಡುವಷ್ಟರಲ್ಲಿ ಆರು. ಮಳೆ ಜೋರಾಯಿತು. ಮೇಲಿನ ಅಣೆಕಟ್ಟಿನಿಂದ ಇನ್ನಷ್ಟು ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು.

ಹವಾಲ್ದಾರ ತಲೆ ಅಲ್ಲಾಡಿಸಿದ. ಈ ಹೊತ್ತಿಗೆ ಇಳಿದರೆ ನನ್ನ ನಾಲ್ಕು ಹುಡುಗರು ಹೋಗುತ್ತಾರೆ, ಬೆಳಕು ಹರಿದ ಕೂಡಲೇ ಹೊರಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಉಸ್ಮಾನ ಅವನ ಬೂಟು ಹಿಡಿದುಕೊಂಡ. ಹಿಡಿದುಕೊಂಡೇ ಅವನಿಗೆ ತಿಳಿಯಿತು, ತಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು. ಬಾಪುಸಾಹೇಬನ ಜೀಪುಗಳು ಅಷ್ಟೊತ್ತಿಗೆ ಚಿಕ್ಕೋಡಿ ದಾಟಿದ್ದವು.

ಶನಿವಾರ ಮುಂಜಾನೆ ಮೊದಲ ದೋಣಿ ಹುಣಸಿಮಡ್ಡಿಗೆ ಹೊರಟಿತು. ಡಾಕ್ಟರ ಜೊತೆ ಉಸ್ಮಾನನೂ ಹತ್ತಿದ. ವಸ್ತಿಯ ಮಂದಿಯೆಲ್ಲ ಗುರಪ್ಪನ ಮನೆಯ ಮಾಳಿಗೆ ಏರಿದ್ದರು. ಮಳೆಗೆ ಅಡ್ಡ ಕಟ್ಟಿದ ಒಂದು ತಾಡಪತ್ರಿಯ ಕೆಳಗೆ ಹೀನಾ ಮಲಗಿದ್ದಳು. ಕೂಸು ಅಡ್ಡ ತಿರುಗಿತ್ತು. ಸತ್ತೇ ಹುಟ್ಟಿತ್ತು. ಸೀತವ್ವ ತನ್ನ ಸೀರೆಯ ಸೆರಗು ಹರಿದು ಅದನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಮಳೆನೀರಿನಲ್ಲಿ ಎಷ್ಟು ತೊಳೆದರೂ ಅವಳ ಉಗುರಿನ ಸಂದಿಯ ರಕ್ತ ಹೋಗಿರಲಿಲ್ಲ.

"ನಿಂದರಲಿಲ್ಲಪಾ ರಕ್ತ. ಅರಿವಿ ಇಟ್ಟೆ, ಒತ್ತಿ ಹಿಡಿದೆ. ನಿಂದರಲಿಲ್ಲ," ಎಂದಳು ಉಸ್ಮಾನನಿಗೆ, ತಾನೇ ತಪ್ಪು ಮಾಡಿದವಳಂತೆ.

ಹೀನಾಗೆ ಉಸಿರಿತ್ತು. ದೋಣಿಗೆ ಇಳಿಸುವಾಗ ಒಮ್ಮೆ ಕಣ್ಣು ತೆರೆದು "ಮಾಮು" ಅಂದಳು. ಡಾಕ್ಟರು ಸಲೈನ್ ಹಚ್ಚಿದರು. ಶಾಲೆಯ ಕಟ್ಟಡ ಕಾಣಿಸುವ ಹೊತ್ತಿಗೆ ಅವರು ಅವಳ ಕೈ ಹಿಡಿದು ನೋಡಿ, ಸಲೈನಿನ ಸೂಜಿ ತೆಗೆದರು.

ಹತ್ತಿರದ ಖಬರಸ್ತಾನ ನೀರಿನಲ್ಲಿತ್ತು. ಅಲಖನೂರಿಗೆ ಒಯ್ಯಬೇಕು. ಒಯ್ಯಲು ಇದ್ದದ್ದು ಅನ್ನ ಹೊತ್ತು ಬಂದ ಕಾರ್ಖಾನೆಯ ಟ್ರ್ಯಾಕ್ಟರು ಒಂದೇ. ಡ್ರೈವರ ಹಾಳೆ ಹಿಡಿದು ಉಸ್ಮಾನನ ಮುಂದೆ ಬಂದು ನಿಂತ. ಹಾಳೆಯ ಮೇಲೆ ಬರೆಯದೆ ಯಾವ ಗಾಡಿಯೂ ಹೊರಡಬಾರದೆಂದು ನಿಯಮ ಮಾಡಿದವನು ಅವನೇ. ಉಸ್ಮಾನ ವೇಳೆ ಬರೆದ, ಅಲಖನೂರ ಎಂದು ಬರೆದ, ಸಾಮಾನು ಏನು ಎಂಬ ಕಾಲಂನಲ್ಲಿ ಒಂದು ಗೆರೆ ಎಳೆದು ಸಹಿ ಹಾಕಿದ.

ಅದೇ ಹೊತ್ತಿಗೆ ಭೀಮಗೊಂಡ ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೊ ತಾಲೂಕಿನ ತುಂಬ ಓಡಾಡತೊಡಗಿತ್ತು. ದಿನದ ಮೊದಲ ದೋಣಿಯಲ್ಲಿ ಉಸ್ಮಾನ ಹತ್ತಿ ಹೋಗುವುದು, ತಂಗಿಯನ್ನು ಕೈಹಿಡಿದು ಇಳಿಸುವುದು. ಹೆಣದ ಮೇಲೆ ಹೊದಿಸಿದ್ದ ತಾಡಪತ್ರಿ ಅದರಲ್ಲಿ ಕಾಣಿಸುತ್ತಿರಲಿಲ್ಲ. "ಸರಕಾರಿ ದೋಣಿ, ಮೊದಲ ಸರದಿ ಇವರ ಮನೆಯವರಿಗೆ" ಎಂದು ಅದರ ಕೆಳಗೆ ಬರೆದಿತ್ತು.

ಸೋಮವಾರ ಮಧ್ಯಾಹ್ನ ಇಪ್ಪತ್ತು ಮೂವತ್ತು ಮಂದಿ ಶಾಲೆಗೆ ನುಗ್ಗಿದರು. ಉಸ್ಮಾನನ ಕೊರಳಪಟ್ಟಿ ಹಿಡಿದು ಕುರ್ಚಿಯಿಂದ ಎಳೆದರು. ಹಿಂದಿನ ದಿನವಷ್ಟೇ ಅವನು ದೋಣಿ ಕಳಿಸಿ ಇಳಿಸಿಕೊಂಡಿದ್ದ ಒಬ್ಬ ಮನುಷ್ಯ ಅವನ ಕಪಾಳಕ್ಕೆ ಹೊಡೆದ. ಕನ್ನಡಕ ಬಿದ್ದು ತುಳಿತಕ್ಕೆ ಸಿಕ್ಕಿತು. ವಿಶ್ವಾಸ ಓಡಿ ಬಂದು ಬಿಡಿಸಿದ. ಆಮೇಲೆ ಅವನ ಕೈ ಹಿಡಿದು, "ನೀವು ಮನಿಗೆ ಹೋಗ್ರಿ ಉಸ್ಮಾನಭಾಯಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ," ಅಂದ. ಉಸ್ಮಾನ ಹೋದ. ಮರುದಿನ ಮೂರು ಗಾಡಿ ಅನ್ನ ಒಂದೇ ಶಾಲೆಗೆ ಬಂದು, ಮತ್ತೆ ಹಿತ್ತಿಲಲ್ಲಿ ಹುಳಿಯಿತು.

ಸ್ನೇಹಲಗೆ ಇದು ಸಹಿಸಲಾಗಲಿಲ್ಲ. ಅವಳ ಫೋನಿನಲ್ಲಿ ಶುಕ್ರವಾರದ ಹಾಳೆಯ ಚಿತ್ರವಿತ್ತು. ತಂಗಿಯ ವಸ್ತಿಯನ್ನು ಎರಡರಿಂದ ಹೊಡೆದು ನಾಲ್ಕಕ್ಕೆ ಇಳಿಸಿದ ಕೆಂಪು ಗೆರೆ ಅದರಲ್ಲಿ ಎದ್ದು ಕಾಣುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? ಉಸ್ಮಾನನನ್ನು ಕೇಳದೆಯೇ ಅದನ್ನು ಎಲ್ಲ ವಾಟ್ಸಾಪ್ ಗುಂಪುಗಳಿಗೆ ಹಾಕಿದಳು. ವಿಶ್ವಾಸ ಕೆಳಗೆ ನಾಲ್ಕು ಸಾಲು ಬರೆದ: ಈ ಮನುಷ್ಯ ತನ್ನ ಮನೆಯ ಬಸುರಿಯನ್ನೇ ಹಿಂದಿಟ್ಟು ನಮ್ಮವರನ್ನು ಮೊದಲು ಉಳಿಸಿದ, ಅಂಥವನಿಗೆ ನಾವು ಕೈ ಮಾಡಿದೆವು.

ಒಂದೇ ದಿನದಲ್ಲಿ ಗಾಳಿ ತಿರುಗಿತು. ಕಪಾಳಕ್ಕೆ ಹೊಡೆದವನು ಮನೆಗೆ ಬಂದು ಕಾಲಿಗೆ ಬಿದ್ದ. ಭೀಮಗೊಂಡನೂ ಬಂದ. "ಊರಿನ ಸಲುವಾಗಿ ತಂಗಿನ ಬಿಟ್ಟರಿ ನೋಡ್ರಿ, ನಿಮ್ಮಂಥವರು ಬೇಕು," ಎಂದು ಉಸ್ಮಾನನ ಎರಡೂ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡ. ಅದು ನಾಟಕವಾಗಿರಲಿಲ್ಲ. ಅದೇ ಉಸ್ಮಾನನಿಗೆ ಹೆಚ್ಚು ಕಷ್ಟವಾದದ್ದು.

ಸೇತುವೆಗಳೆಲ್ಲ ಮುಳುಗಿ ಇಚಲಕರಂಜಿಯಲ್ಲೇ ಸಿಕ್ಕಿಬಿದ್ದಿದ್ದ ಇಸ್ರಾರ ಬುಧವಾರ ಬಂದು ಮುಟ್ಟಿದ. ಹೆಂಡತಿ ಕೂಸು ಮಣ್ಣಾಗಿ ನಾಲ್ಕು ದಿನವಾಗಿತ್ತು. ಸಕೀನಾಬಿ ಆಗ ಅಣ್ಣನ ಮನೆಯಲ್ಲೇ ಇದ್ದಳು. ಇಸ್ರಾರ ಒಳಗೆ ಬಂದವನು ಕೂಡ್ರಲಿಲ್ಲ. ಫೋನು ತೆಗೆದು ಉಸ್ಮಾನನ ಮುಖಕ್ಕೆ ಹಿಡಿದ.

"ಮಾಮು, ಇದು ನಿಮ್ಮ ಅಕ್ಷರ ಏನ್?"

"ಹೌದು."

"ಎರಡನೇ ನಂಬರ ಯಾರು ಬರದಿದ್ರು?"

"ನಾನ."

"ಹೊಡದವರ ಯಾರು?"

"ನಾನ, ಬೇಟಾ."

"ಯಾಕ?"

ಉಸ್ಮಾನ ಬಾಯಿ ತೆರೆದ. ಮೂರು ವಾರ ಇತ್ತು, ನೀರು ಎರಡು ಮೆಟ್ಟಿಲು ಕೆಳಗಿತ್ತು, ಒಂದು ಗಂಟೆಯೊಳಗೆ ಹೋಗುತ್ತಿತ್ತು, ಬಾಪುಸಾಹೇಬ ದೋಣಿ ಒಯ್ದ. ಹೇಳುವುದು ಬಹಳ ಇತ್ತು. ಹೇಳಿದ್ದು ಮಾತ್ರ ಇಷ್ಟು: "ಮಂದಿ ನಕ್ಕರು."

ಇಸ್ರಾರ ಫೋನು ಕೆಳಗಿಳಿಸಿದ. "ನಮ್ಮ ಸರದಿ ಬಾಪುಸಾಹೇಬ ಕಸಗೊಂಡಾನ ಅಂತ ತಿಳಕೊಂಡಿದ್ದೆ ನಾ. ಅವ ನಾಲ್ಕನೇದ್ದ ಒಯ್ದಾನ. ಎರಡನೇದ್ದ ಒಯ್ದವರು ನೀವು."

ಅಡುಗೆಮನೆಯ ಬಾಗಿಲಲ್ಲಿ ಸಕೀನಾಬಿ ನಿಂತಿದ್ದಳು. ಆ ಹಾಳೆಯ ಮಾತು ಅವಳಿಗೆ ಗೊತ್ತಾದದ್ದು ಆ ಗಳಿಗೆಯಲ್ಲೇ. ಒಳಗೆ ಹೋಗಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದು ಮಗನ ಹಿಂದೆ ನಡೆದಳು. ಉಸ್ಮಾನ ಬಾಗಿಲತನಕ ಹೋಗಿ, "ಸಕೀನಾ, ಎಲ್ಲಿ ಹೋಗತಿ ಬೇ? ಅಲ್ಲಿ ಮನಿ ಎಲ್ಲಿ ಉಳದೈತಿ?" ಅಂದ.

ನವೆಂಬರ್ ಒಂದಕ್ಕೆ ಊರಿನಲ್ಲಿ ನೆರೆಯ ಸೇವೆಗಾಗಿ ಹದಿನಾಲ್ಕು ಮಂದಿಗೆ ಶಾಲು ಹೊದಿಸಿದರು. ಮೊದಲ ಶಾಲು ಬಾಪುಸಾಹೇಬನಿಗೆ. ಉಸ್ಮಾನನ ಹೆಸರು ಕರೆದಾಗ ಅವನಿರಲಿಲ್ಲ. ಭೀಮಗೊಂಡ ಆ ಶಾಲನ್ನು ತಾನೇ ಮನೆಗೆ ತಂದು ಕೊಟ್ಟು ಹೋದ.

ಡಿಸೆಂಬರಿನಲ್ಲಿ ಸ್ನೇಹಲ ಮತ್ತೆ ಬಂದಳು. ನೆರೆಯಲ್ಲಿ ಮನೆ ಕಳೆದುಕೊಂಡು ತಗಡಿನ ಶೆಡ್ಡುಗಳಲ್ಲಿರುವವರಿಗೆ ಕಂಬಳಿ, ಪಾತ್ರೆ, ಎರಡು ತಿಂಗಳ ಜೋಳ ಹಂಚುವುದಿತ್ತು. ಮೂರು ಸಂಸ್ಥೆ, ಐದು ಗಾಡಿ. "ಕಾಕಾ, ನಿಮ್ಮನ್ನ ಬಿಟ್ಟು ನಮಗ ಬ್ಯಾರೆ ಯಾರೂ ಇಲ್ಲ," ಅಂದಳು. ಅವಳು ಆ ಹಾಳೆಯ ಚಿತ್ರ ಹಾಕಿದ್ದರಿಂದ ಏನಾಯಿತೆಂದು ಅವನು ಎಂದೂ ಅವಳಿಗೆ ಹೇಳಿರಲಿಲ್ಲ. ಹೊರಟ. ಐದು ಗಾಡಿಗಳ ದಾರಿಯನ್ನು ಒಂದು ಮುಂಜಾನೆಯಲ್ಲಿ ಬರೆದುಕೊಟ್ಟು, ಹುಣಸಿಮಡ್ಡಿಯವರು ಇದ್ದ ಸಾಲಿಗೆ ತಾನೇ ಹೋದ.

ಮೊದಲ ಶೆಡ್ಡು ಗುರಪ್ಪನದು. ಸೀತವ್ವ ಹಾಸಿಗೆ ಹಿಡಿದಿದ್ದಳು. ಗುರಪ್ಪ ಸಹಿ ಮಾಡಿ, ಮುಂದಿನ ಶೆಡ್ಡಿನ ಕಡೆ ಒಮ್ಮೆ ನೋಡಿ, "ಮನಿಯಾಗ ಅದಾರ್ರಿ," ಅಂದ. ಎರಡನೆಯದು ಸಕೀನಾಬಿಯದು.

ಅವಳು ಹೊರಗೆ ಬಂದಳು. ಸೊರಗಿದ್ದಳು. ಗಾಡಿಯಿಂದ ಇಳಿಸಿದ ಜೋಳದ ಚೀಲ, ಕಂಬಳಿ, ಪಾತ್ರೆಯ ಗಂಟು ಎಲ್ಲ ಸರಿಯಾಗಿದೆಯೇ ಎಂದು ಬೇರೆಯವರಂತೆಯೇ ಮುಟ್ಟಿ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅಪರಿಚಿತ ಅಧಿಕಾರಿಯ ಮುಂದೆ ನಿಂತವಳಂತೆ ಕೈ ಮುಂದೆ ಮಾಡಿದಳು.

"ಹೆಬ್ಬಟ್ಟು ಎಲ್ಲಿ ಒತ್ತಬೇಕ್ರಿ, ಸಾಹೇಬ್ರ?"

ಉಸ್ಮಾನ ಜಾಗ ತೋರಿಸಿದ. ಅವಳು ಒತ್ತಿದಳು. ಶಾಯಿಯ ಬೆರಳನ್ನು ತಗಡಿಗೆ ಒರೆಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಡಿಯವನು ಹಾರ್ನ್ ಹೊಡೆದ. ಇನ್ನೂ ನಾಲ್ಕು ಶೆಡ್ಡು ಉಳಿದಿದ್ದವು.